ಕುತ್ತಿಗೆಯ ಒಳಗೋ, ಹೊರಗೋ?

ಹಾರಿಸಿದ ತೋಟಾದ ಹಿತ್ತಾಳೆ ಕೇಸಿನ ಕುತ್ತಿಗೆಯನ್ನಷ್ಟೇ ಬಿಗಿದು ಮತ್ತೆ ತುಂಬುವ ಅಮೆರಿಕದ ರೈಫಲ್‌ಪ್ರಿಯರಲ್ಲಿ ಬುಷಿಂಗ್ ಡೈ ಎಂಬ ಬಿಗಿಯುವ ಅಚ್ಚಿಗೆ ಅದರ ಯೋಗ್ಯತೆಗೆ ಮೀರಿದ ಕೀರ್ತಿಯಿದೆ. ಲೀ ಕಂಪನಿಯ ಕಾಲೆಟ್ ಡೈಯನ್ನು ಮಾತ್ರ ಹೊಸಬರ ಸಾಮಾನು ಎಂದು ಬದಿಗಿಡುತ್ತಾರೆ. ಅಗ್ಗವಾಗಿರುವುದೇ ಅದರ ಅಪರಾಧ.

ಬುಷಿಂಗ್‌ನ ಆಕರ್ಷಣೆ ಗೊತ್ತಿರುವುದೇ: 0.001 ಇಂಚಿನ ಅಂತರದಲ್ಲಿ ಉಕ್ಕಿನ ಬಳೆಗಳು, ಬೇಕಾದ್ದನ್ನು ಹಾಕಿಕೊಳ್ಳಬಹುದು. ಆದರೆ ಬಳೆ ಒತ್ತುವುದು ಕುತ್ತಿಗೆಯ ಹೊರಮೈಯನ್ನು. ಗುಂಡು ಕೂರುವುದು ಒಳಗೆ. .308 ವಿಂಚೆಸ್ಟರ್‌ನ ಎರಡು ಕೇಸುಗಳನ್ನು ತೆಗೆದುಕೊಳ್ಳಿ. ಒಂದರ ಕುತ್ತಿಗೆಯ ಗೋಡೆ 0.014 ಇಂಚು, ಇನ್ನೊಂದರದು 0.015 ಎನ್ನೋಣ. ಒಂದೇ ಬಳೆಯಲ್ಲಿ ಹಾದು ಬಂದ ಮೇಲೆ ಹೊರ ಅಳತೆ ಎರಡಕ್ಕೂ ಒಂದೇ. ಒಳಗೆ? ಗೋಡೆ ಎರಡೂ ಬದಿಗಿದೆ. ದಪ್ಪನೆಯದರ ಬಾಯಿ 0.002 ಇಂಚು ಕಿರಿದಾಗಿರುತ್ತದೆ. ಗುಂಡನ್ನು ಹಿಡಿದಿಡಲು ನಾವು ಬಯಸುವ ಬಿಗಿಯೇ ಒಂದೆರಡು ಸಾವಿರಾಂಶ ಇಂಚು! ದೋಷ ಗುರಿಯಷ್ಟೇ ದೊಡ್ಡದಾಯಿತು. ಅದನ್ನು ನೀಗಲು ಪ್ರತಿ ಕುತ್ತಿಗೆಯನ್ನೂ ಕಡೆದು ಸಮ ಮಾಡಬೇಕು, ಇಲ್ಲವೇ ಒಳಗಿನಿಂದ ಬಾಯಿ ಹಿಗ್ಗಿಸುವ ಎಕ್ಸ್‌ಪ್ಯಾಂಡರ್ ಬಾಲ್ ಎಳೆಯಬೇಕು. ಆ ಎಳೆತಕ್ಕೇ ಕುತ್ತಿಗೆ ಓರೆಯಾಗುವುದುಂಟು.

ಕಾಲೆಟ್ ಡೈಯಲ್ಲಿ ಕುತ್ತಿಗೆಯೊಳಗೆ ಉಕ್ಕಿನ ಕಡ್ಡಿ ಇಳಿಯುತ್ತದೆ. ಸುತ್ತಲಿನ ಸೀಳುಬೆರಳುಗಳು ಹಿತ್ತಾಳೆಯನ್ನು ಅದಕ್ಕೆ ಒತ್ತುತ್ತವೆ. ಒಳ ಅಳತೆಯನ್ನು ಕಡ್ಡಿಯೇ ತೀರ್ಮಾನಿಸುತ್ತದೆ. ಗೋಡೆಯ ಏರುಪೇರು ಗುಂಡಿಗೆ ತಾಗದ ಹೊರಮೈಗೆ ಸರಿಯುತ್ತದೆ. ಎಣ್ಣೆ ಬೇಡ, ಎಳೆದಾಟವಿಲ್ಲ.

ಕೈಯ ಒತ್ತಡ ಬದಲಾದರೆ ಫಲವೂ ಬದಲಾಗುತ್ತದೆ ಎಂಬುದು ಇದನ್ನು ಹಳಿಯುವವರ ಮೊದಲ ಆಕ್ಷೇಪ. ಒತ್ತಡ ಸಾಲದಿದ್ದಾಗ ಅದು ನಿಜ. ಹಿತ್ತಾಳೆ ಕಡ್ಡಿಗೆ ಪೂರ್ತಿ ಅಂಟುವಷ್ಟು ಒತ್ತಿದ ಮೇಲೆ ಕೈಗೆ ಮಾಡಲು ಹೆಚ್ಚೇನೂ ಉಳಿಯುವುದಿಲ್ಲ. ಮತ್ತೂ ಹಟ ಹಿಡಿದು ಒತ್ತಿದರೆ ಡೈಯ ಅಲ್ಯೂಮಿನಿಯಂ ಮುಚ್ಚಳ ಕಿತ್ತುಬಂದೀತು. ಇನ್ನು ಕುತ್ತಿಗೆಯ ಮೇಲೆ ಉಳಿಯುವ ಸಣ್ಣ ಗೆರೆಗಳನ್ನು ತೋರಿಸಿ ತೀರ್ಪು ಕೊಡುವವರಿದ್ದಾರೆ. ಗೆರೆ ಇರುವುದು ಹೊರಗೆ. ಗೇಜ್ ಇಳಿಸಿ ಒಳಗನ್ನು ಅಳೆಯದೆ ಹೊರಮೈ ನೋಡಿ ಬೆಲೆ ಕಟ್ಟುವುದನ್ನು ವಿಮರ್ಶೆ ಎನ್ನಲಾರೆ.

ಕುತ್ತಿಗೆ ಮಾತ್ರ ಬಿಗಿಯುವ ಎಲ್ಲ ಡೈಗಳಿಗೂ ಒಂದು ಮಿತಿಯಿದೆ. ಕೆಲವು ಸಲ ಹಾರಿಸಿದ ಮೇಲೆ ಕೇಸಿನ ಮೈ ಚೇಂಬರ್ ತುಂಬ ಹಿಗ್ಗಿ ಬೋಲ್ಟ್ ಮುಚ್ಚುವುದು ಕಷ್ಟವಾಗುತ್ತದೆ. ಆಗ ಕುತ್ತಿಗೆಯನ್ನು ಬಿಟ್ಟು ಮೈ, ಹೆಗಲುಗಳನ್ನಷ್ಟೇ ಬಿಗಿಯುವ ಬಾಡಿ ಡೈಯಿಂದ ಹೆಗಲನ್ನು 0.001–0.002 ಇಂಚು ಹಿಂದಕ್ಕೆ ತಳ್ಳಲೇಬೇಕು.

ಆದ್ದರಿಂದ ಬೋಲ್ಟ್ ರೈಫಲ್ ಇರುವವರು ಮೊದಲು ಕೊಳ್ಳಬೇಕಾದ್ದು ಕಾಲೆಟ್ ಡೈ, ಅದರ ಜೊತೆಗೆ ಒಂದು ಬಾಡಿ ಡೈ. ಈ ಮಿತಿ ಇನ್ನೂ ಹೆಚ್ಚು ಕಾಡುವ ಸೆಮಿ-ಆಟೊಮ್ಯಾಟಿಕ್ ಇರುವವರು ಇಡೀ ಕೇಸನ್ನು ಬಿಗಿಯುವ ಡೈಯನ್ನೇ ಕೊಳ್ಳಲಿ.