ಸೋಡಾದ ಗ್ಯಾಸಿಗೂ ತೂಕವುಂಟು

ಮಕ್ಕಳು ಮನೆಯಲ್ಲೇ ಮಾಡಬಹುದಾದ ವಿಜ್ಞಾನ ಪ್ರಯೋಗಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಸೋಡಾದೊಳಗಿನ ಗ್ಯಾಸನ್ನು ಅಳೆಯುವುದು. ಕಣ್ಣಿಗೆ ಕಾಣದ ಅನಿಲಕ್ಕೂ ತೂಕವಿದೆ ಎಂಬುದನ್ನು ಇಷ್ಟು ಸಲೀಸಾಗಿ ಮನಗಾಣಿಸುವ ಪ್ರಯೋಗಗಳು ಅಪರೂಪ.

ಬೇಕಾದದ್ದು ಒಂದು ಬಾಟಲಿ ಸೋಡಾ, ಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರಿಸುವ ಡಿಜಿಟಲ್ ತಕ್ಕಡಿ, ಇಷ್ಟೇ. ಬಾಟಲಿಯನ್ನು ಮುಚ್ಚಳದ ಸಮೇತ ತೂಗಬೇಕು. ಆಮೇಲೆ ತೆರೆದು, ಹನಿಯೂ ಚೆಲ್ಲದಂತೆ ಮೆಲ್ಲಗೆ ಅಲುಗಿಸಿ, ಗುಳ್ಳೆ ನಿಂತ ಮೇಲೆ ಮುಚ್ಚಳವಿಟ್ಟು ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ಹಾರಿಹೋದ ಇಂಗಾಲದ ಡೈಆಕ್ಸೈಡ್. ಸಾಮಾನ್ಯವಾಗಿ ಒಂದು ಲೀಟರ್ ಪಾನೀಯದಲ್ಲಿ ಅದು ಸುಮಾರು 6ರಿಂದ 8 ಗ್ರಾಂ ಇರುತ್ತದೆ. ಹೊರಬಂದರೆ ಮೂರು-ನಾಲ್ಕು ಲೀಟರ್ ಜಾಗ ಬೇಕು!

ಅಷ್ಟನ್ನೂ ಒಳಗೆ ಹಿಡಿದಿಡುವುದು ಒತ್ತಡ. ಒತ್ತಡ ಹೆಚ್ಚಿದಷ್ಟೂ ನೀರಿನಲ್ಲಿ ಕರಗುವ ಅನಿಲವೂ ಹೆಚ್ಚುತ್ತದೆಂದು 1803ರಲ್ಲಿ ವಿಲಿಯಂ ಹೆನ್ರಿ ತೋರಿಸಿಕೊಟ್ಟರು. ಗೋಲಿಸೋಡಾದ ಗೋಲಿಯನ್ನು ಬಾಟಲಿಯ ಬಾಯಿಗೆ ಒತ್ತಿ ನಿಲ್ಲಿಸುವುದೂ ಇದೇ ಒತ್ತಡ.

ಪ್ರಯೋಗದ ಸೊಗಸು ಇಲ್ಲಿಗೇ ಮುಗಿಯದು. ತೆರೆದ ಎರಡು ಬಾಟಲಿಗಳಲ್ಲಿ ಒಂದನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಮೇಜಿನ ಮೇಲಿಟ್ಟು ಆಗಾಗ ತೂಗಿ ಗ್ರಾಫ್ ಬರೆದರೆ, ಬೆಚ್ಚಗಿನದು ಬೇಗ ಹಗುರಾಗುವುದು ತಿಳಿಯುತ್ತದೆ. ತಂಪು ಬಾಟಲಿಯ ಮೈಗೆ ಕಟ್ಟುವ ನೀರಹನಿಯನ್ನು ಒರೆಸದಿದ್ದರೆ ಲೆಕ್ಕ ತಪ್ಪುತ್ತದೆ. ಆ ಹನಿಯನ್ನು ಮಗು ತಾನಾಗಿಯೇ ಗಮನಿಸಿ ಒರೆಸಿದರೆ, ಅಳೆಯುವ ವಿದ್ಯೆಯ ಮೊದಲ ಪಾಠ ಅದಕ್ಕೆ ದಕ್ಕಿದಂತೆಯೇ.