ಬಾರಾ ಟೂಟಿಯ ತಲೆಲೆಕ್ಕ

ದೆಹಲಿಯ ಬಡತನದ ಮಾತು ಬಂದಾಗ ನಮ್ಮಲ್ಲಿ ಒಂದು ಉತ್ತರ ಸದಾ ಸಿದ್ಧವಾಗಿರುತ್ತದೆ: ‘ಜನ ಜಾಸ್ತಿಯಾದರು, ಏನು ಮಾಡೋದು?’ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲೂ ಕನ್ನಡ ಕೂಟದ ಊಟದ ಪಂಕ್ತಿಯಲ್ಲೂ ಇದನ್ನು ಕೇಳಿದ್ದೇನೆ. ಅಮನ್ ಸೇಠಿಯವರ ‘ಎ ಫ್ರೀ ಮ್ಯಾನ್’ (2011) ಓದಿದ ಮೇಲೆ ಆ ಉತ್ತರ ಅಷ್ಟು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಇದು ಕಾದಂಬರಿಯಲ್ಲ, ವರದಿಗಾರನೊಬ್ಬನ ಕಥನ. ಹಳೇ ದೆಹಲಿಯ ಸದರ್ ಬಜಾರಿನ ಬಾರಾ ಟೂಟಿ ಚೌಕದಲ್ಲಿ ಕೂಲಿಗಾಗಿ ಕಾಯುವ ಅಶ್ರಫ್ ಇದರ ಕೇಂದ್ರ. ಜೀವಶಾಸ್ತ್ರ ಓದಿದವನು, ಕಸಾಯಿ, ದರ್ಜಿ ಕೆಲಸ ಮಾಡಿ, ಈಗ ಗೋಡೆಗೆ ಬಣ್ಣ ಬಳಿಯುತ್ತ ಫುಟ್‌ಪಾತಿನಲ್ಲಿ ಮಲಗುವವನು. ಸೇಠಿ ಅವನನ್ನು ಬಡತನದ ಉದಾಹರಣೆ ಮಾಡುವುದಿಲ್ಲ, ಹರಟೆ ಹೊಡೆಯಲು ಬಿಡುತ್ತಾರೆ. ಪುಸ್ತಕದ ದೊಡ್ಡ ಗುಣ ಇದೇ.

ಈಗ ಲೆಕ್ಕಕ್ಕೆ ಬರೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೆಹಲಿಯ ಒಟ್ಟು ಫಲವತ್ತತೆ ದರ 1.6. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಇದು ಕಡಿಮೆ. ಆದರೆ ಗುರುಗ್ರಾಮ ಜಿಲ್ಲೆ 2001ರ 8.7 ಲಕ್ಷದಿಂದ 2011ಕ್ಕೆ 15.14 ಲಕ್ಷಕ್ಕೆ ಏರಿತು. ಹತ್ತೇ ವರ್ಷದಲ್ಲಿ ಇಷ್ಟು ಏರಿಕೆ ಬರೀ ಹೆರಿಗೆಯಿಂದ ಆಗುವುದಿಲ್ಲ. ಜನ ಬಂದರು, ಕೆಲಸ ಕರೆಯಿತು. 2007ರಲ್ಲಿ ದಾವಣಗೆರೆಯಿಂದ ಬಂದ ನಾನೂ ಆ ಲೆಕ್ಕದಲ್ಲಿದ್ದೇನೆ. ಆದರೂ ‘ಜನ ಜಾಸ್ತಿ’ ಎನ್ನುವಾಗ ನಮ್ಮನ್ನು ನಾವು ಎಣಿಸಿಕೊಳ್ಳುವುದಿಲ್ಲ. ನಾನು ಬಂದಾಗ ಆಫರ್ ಲೆಟರ್, ಪಿಎಫ್, ಆರೋಗ್ಯ ವಿಮೆ ಇತ್ತು. ಚೌಕಕ್ಕೆ ಬರುವವನಿಗೆ ಇವತ್ತಿನ ಕೂಲಿ ಮಾತ್ರ. ನಮ್ಮಿಬ್ಬರ ವ್ಯತ್ಯಾಸ ಇರುವುದು ಈ ಕರಾರಿನಲ್ಲಿ, ಜನಸಂಖ್ಯೆಯಲ್ಲಲ್ಲ.

ಪುಸ್ತಕದ ಬಗ್ಗೆ ನನ್ನ ತಕರಾರೂ ಇಲ್ಲೇ ಇದೆ. ಬೇಕಾದ ದಿನ ದುಡಿಯುವೆ, ಬೇಡವಾದ ದಿನ ಇಲ್ಲ ಎಂಬ ಅಶ್ರಫ್‌ನ ಆಜಾದಿಯ ಮಾತು ಎಷ್ಟು ಸೊಗಸಾಗಿದೆಯೆಂದರೆ, ಓದುಗ ನಗುತ್ತ ಅವನ ಬಡತನವನ್ನೇ ಆಯ್ಕೆ ಎಂದುಕೊಳ್ಳುವ ಅಪಾಯವಿದೆ. ಸೇಠಿಗೆ ಇದರ ಅರಿವಿದೆ: ‘ಆಜಾದಿ’ಯಿಂದ ಶುರುವಾಗುವ ಭಾಗಗಳು ಒಂಟಿತನ, ವಾರಸುದಾರರಿಲ್ಲದ ಸ್ಥಿತಿ, ಅಪರಿಚಿತತೆಯತ್ತ ಸಾಗುತ್ತವೆ. ಆದರೆ ಕೂಲಿ ಕೊಡುವವನು ಬಹುಪಾಲು ಚಿತ್ರದ ಹೊರಗೇ ಉಳಿಯುತ್ತಾನೆ. ಯಾರ ಮನೆಯ ಗೋಡೆ ಅದು? ಕೂಲಿಯನ್ನು ಅಷ್ಟಕ್ಕೇ ನಿಲ್ಲಿಸಿದವರು ಯಾರು? ಆ ಪುಟಗಳಿದ್ದಿದ್ದರೆ ನಮ್ಮಂಥ ಓದುಗರಿಗೆ ಪುಸ್ತಕ ಇಷ್ಟು ಹಿತವಾಗಿರುತ್ತಿರಲಿಲ್ಲ.

ಮುಂಬಯಿಗೆ ಕನ್ನಡದಲ್ಲಿ ಚಿತ್ತಾಲರಿದ್ದಾರೆ, ಜಯಂತ ಕಾಯ್ಕಿಣಿಯವರಿದ್ದಾರೆ. ಕಾಯ್ಕಿಣಿಯವರ ಕಥೆಗಳಲ್ಲಿ ಚಾಳಿನ ಜನ ಕನಿಕರದ ವಸ್ತುಗಳಲ್ಲ, ನೆರೆಹೊರೆಯವರು. ನಾನು ಓದಿದ ನಮ್ಮ ದೆಹಲಿ ಬರಹಗಳಲ್ಲಿ ಹೆಚ್ಚಾಗಿ ಸಿಗುವುದು ಚಳಿ, ಹೊಗೆಮಂಜು ಮತ್ತು ಊರಿನ ನೆನಪು. ಬಾರಾ ಟೂಟಿಯಂಥ ಚೌಕಗಳು ನಾವು ಕ್ಯಾಬಿನಲ್ಲಿ ಹಾದುಹೋಗುವ ದಾರಿಯಲ್ಲೇ ಇವೆ. ಮನೆಗೆ ಬಣ್ಣ ಬಳಿದವನ ಜೊತೆಗೆ, ಬಳಿಸಿದವನನ್ನೂ ಬಿಡದೆ ಬರೆದ ಕನ್ನಡ ಕಥೆಯೊಂದು ಈ ಊರಿನಿಂದ ಬರಲಿ. ಮೊದಲ ಓದುಗ ನಾನಾಗುತ್ತೇನೆ.