ಸರಿಬೆಸಗಳ ಬೋಧನೆ: ಒಂದು ಪ್ರಬಂಧದ ವಿಮರ್ಶೆ

ಬಾಲಪಾಠಗಳಲ್ಲಿ ಸಮಸಂಖ್ಯೆ ಬೆಸಸಂಖ್ಯೆಗಳ ವಿಚಾರಕ್ಕೆ ದೊರೆಯುವ ಸ್ಥಳ ಅತ್ಯಲ್ಪ. ಕೊನೆಯ ಅಂಕಿ 0, 2, 4, 6, 8 ಆಗಿದ್ದರೆ ಸಮ, 1, 3, 5, 7, 9 ಆಗಿದ್ದರೆ ಬೆಸ ಎಂದು ಹೇಳಿ, ಕೆಲವು ಲೆಕ್ಕಗಳನ್ನು ಕೊಟ್ಟು, ಮುಂದಿನ ಪಾಠಕ್ಕೆ ನಡೆಯುವುದು ರೂಢಿಯಾಗಿದೆ. ಇಷ್ಟು ಸರಳವೆನಿಸಿದ ವಿಷಯವನ್ನು ಕುರಿತು ಇತಿಹಾಸದ ಅಧ್ಯಾಪಕರಾದ ನಾವು ಬರೆಯಹೊರಟಿರುವುದು ಕೆಲವರಿಗೆ ಅನಧಿಕಾರವಾಗಿ ತೋರಬಹುದು. ಆದರೆ ಒಂದು ಕಲ್ಪನೆಯನ್ನು ಹೇಗೆ ಕಲಿಸಬೇಕೆಂಬ ಪ್ರಶ್ನೆಯು ಆ ಕಲ್ಪನೆ ಮನುಷ್ಯರಲ್ಲಿ ಹೇಗೆ ಬೆಳೆದು ಬಂದಿತೆಂಬ ಪ್ರಶ್ನೆಯಿಂದ ಪೂರ್ಣವಾಗಿ ಬೇರೆಯಲ್ಲ. ಈ ನಂಬಿಕೆಯಿಂದಲೇ ಪ್ರಕೃತ ಲೇಖನದಲ್ಲಿ ಶಿಕ್ಷಣಶಾಸ್ತ್ರದ ಒಂದು ಪ್ರಸಿದ್ಧ ಪ್ರಬಂಧವನ್ನು ಪರಿಶೀಲನೆಗೆ ಎತ್ತಿಕೊಂಡಿದ್ದೇವೆ.

ಅಮೆರಿಕದ ಡೆಬೊರಾ ಬಾಲ್ ಎಂಬ ವಿದುಷಿ 1993ರಲ್ಲಿ ‘ದಿ ಎಲಿಮೆಂಟರಿ ಸ್ಕೂಲ್ ಜರ್ನಲ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವಿದು. ಆಕೆ ವಿಶ್ವವಿದ್ಯಾನಿಲಯದ ಕೆಲಸದೊಡನೆ ಮಿಚಿಗನ್ ಸಂಸ್ಥಾನದ ಒಂದು ಪ್ರಾಥಮಿಕ ಶಾಲೆಯ ಮೂರನೆಯ ತರಗತಿಗೆ ಗಣಿತವನ್ನು ತಾನೇ ಬೋಧಿಸುತ್ತಿದ್ದಳು. ಅಧ್ಯಾಪಕರು ಎದುರಿಸುವ ಮೂರು ಸಂದಿಗ್ಧಗಳನ್ನು ಪ್ರಬಂಧವು ವಿವರಿಸುತ್ತದೆ. ಅವುಗಳಲ್ಲಿ ಸರಿಬೆಸಗಳಿಗೆ ಸಂಬಂಧಿಸಿದುದೇ ನಮ್ಮ ವಿಮರ್ಶೆಯ ವಸ್ತು.

1990ರ ಜನವರಿ 19ರಂದು ನಡೆದ ಪಾಠವದು. ಸೊನ್ನೆಯು ಸಮವೋ ಬೆಸವೋ ಎಂಬುದನ್ನು ಕುರಿತು ಮೇಲಿನ ತರಗತಿಯ ಮಕ್ಕಳೊಡನೆ ಹಿಂದಿನ ದಿನ ಚರ್ಚೆ ನಡೆದಿತ್ತು. ಅದನ್ನು ಮುಂದುವರಿಸುವಾಗ ಒಬ್ಬ ಹುಡುಗನು ಎದ್ದು, ಆರು ಎಂಬ ಸಂಖ್ಯೆ ಸಮವೂ ಹೌದು, ಬೆಸವೂ ಹೌದು ಎಂದನು. ಆರರಲ್ಲಿ ಎರಡರ ಗುಂಪುಗಳು ಮೂರಿವೆ, ಮೂರು ಬೆಸ. ಇದೇ ಅವನ ಕಾರಣ. ಸಾಮಾನ್ಯ ತರಗತಿಯಲ್ಲಾಗಿದ್ದರೆ ಅಧ್ಯಾಪಕರು ‘ತಪ್ಪು, ಕುಳಿತುಕೊ’ ಎನ್ನುತ್ತಿದ್ದರು. ಬಾಲ್ ಹಾಗೆ ಮಾಡದೆ ಆ ಮಾತನ್ನು ತರಗತಿಯ ಮುಂದಿಟ್ಟಳು.

ಮಕ್ಕಳು ಅದನ್ನು ಖಂಡಿಸಿದ ರೀತಿ ಗಮನಾರ್ಹವಾಗಿದೆ. ಒಬ್ಬಳು ಸಂಖ್ಯಾರೇಖೆಯ ಮೇಲೆ ಸೊನ್ನೆಯಿಂದ ಆರಂಭಿಸಿ, ಸಮ, ಬೆಸ, ಸಮ, ಬೆಸ ಎಂದು ಬೆರಳಿಡುತ್ತ ಹೋಗಿ, ಆರರ ಸರದಿಗೆ ಸಮವೇ ಬರುತ್ತದೆಂದು ತೋರಿಸಿದಳು. ಇನ್ನೊಬ್ಬಳು ಎರಡೆರಡಾಗಿ ಸುತ್ತುಗೆರೆ ಹಾಕಿದಾಗ ಒಂದು ಉಳಿದರೆ ಮಾತ್ರ ಬೆಸವೆಂದು ಲಕ್ಷಣ ಹೇಳಿದಳು. ಮತ್ತೊಬ್ಬಳ ವಾದ ಇನ್ನೂ ತೀಕ್ಷ್ಣವಾದುದು. ಹತ್ತರಲ್ಲಿ ಐದು ಎರಡುಗಳಿರುವುದರಿಂದ ಅದನ್ನೂ ಹಾಗೆಯೇ ಕರೆಯಬೇಕಾಗುತ್ತದೆ. ಹೀಗೆ ಸಂಖ್ಯೆಗಳೆಲ್ಲ ಎರಡೂ ಆಗುತ್ತ ಹೋದರೆ ಈ ಚರ್ಚೆಗೆ ಅರ್ಥವೇ ಉಳಿಯುವುದಿಲ್ಲ ಎಂಬುದು ಅವಳ ಆಕ್ಷೇಪ. ಪ್ರತಿವಾದಿಯ ಮಾತನ್ನೇ ಒಪ್ಪಿ ಅದರ ಪರಿಣಾಮವನ್ನು ತೋರಿಸುವ ಈ ಕ್ರಮ ನಮ್ಮ ತರ್ಕಶಾಸ್ತ್ರಕ್ಕೆ ಅಪರಿಚಿತವಲ್ಲ. ಅದನ್ನು ಮೂರನೆಯ ತರಗತಿಯ ಮಗುವೊಂದು ತಾನಾಗಿ ಬಳಸಿತು. ಹುಡುಗನಾದರೋ ಎದೆಗುಂದದೆ ಹತ್ತೂ ಅಂತಹುದೇ ಎಂದು ಒಪ್ಪಿಕೊಂಡನು. ಬಾಲ್ ಕೊನೆಗೆ ಇಂತಹ ಸಂಖ್ಯೆಗಳಿಗೆ ಆ ಹುಡುಗನ ಹೆಸರನ್ನೇ ಇಟ್ಟಳು. ಮಕ್ಕಳು 2, 6, 10, 14 ಎಂದು ಅವುಗಳ ಕ್ರಮವನ್ನು ಕಂಡುಹಿಡಿಯತೊಡಗಿದರು.

ಶಾಸ್ತ್ರದಲ್ಲಿಲ್ಲದ ಹೆಸರನ್ನು ತರಗತಿಗೆ ತಂದರೆ ಮಕ್ಕಳು ಗೊಂದಲಕ್ಕೀಡಾಗರೇ? ಈ ಸಂದೇಹವನ್ನು ಬಾಲ್ ತಾನೇ ಎತ್ತುತ್ತಾಳೆ. ಮಗುವಿನ ವಿಚಾರವನ್ನು ಗೌರವಿಸುವುದೂ ಶಾಸ್ತ್ರದ ರೂಢಿಯನ್ನು ಕಲಿಸುವುದೂ ಎರಡೂ ಅಧ್ಯಾಪಕರ ಹೊಣೆ. ಎರಡಕ್ಕೂ ವಿರೋಧ ಬಂದಾಗ ಯಾವುದನ್ನು ಬಿಡಬೇಕು? ಇದೇ ಪ್ರಬಂಧದ ತಿರುಳು.

ಇಲ್ಲಿ ಇತಿಹಾಸವು ಸಹಾಯಕ್ಕೆ ಬರುತ್ತದೆಂಬುದು ನಮ್ಮ ಅಭಿಪ್ರಾಯ. ಆ ಹುಡುಗನು ಕಂಡ ಭೇದ ಹೊಸದಲ್ಲ. ಯೂಕ್ಲಿಡನು ತನ್ನ ‘ಎಲಿಮೆಂಟ್ಸ್’ ಗ್ರಂಥದ ಏಳನೆಯ ಭಾಗದಲ್ಲಿ, ಎರಡು ಸಮಭಾಗಗಳಾಗುವ ಸಂಖ್ಯೆ ಸಮ, ಹಾಗೆ ಆಗದ ಅಥವಾ ಸಮಸಂಖ್ಯೆಯಿಂದ ಒಂದರಷ್ಟು ಅಂತರವುಳ್ಳ ಸಂಖ್ಯೆ ಬೆಸ ಎಂದು ಲಕ್ಷಣ ಹೇಳಿ ಸುಮ್ಮನಾಗುವುದಿಲ್ಲ. ಸಮವನ್ನು ಬೆಸದಿಂದ ಗುಣಿಸಿ ಬರುವ ಸಂಖ್ಯೆಗಳನ್ನು ಬೇರೆಯಾಗಿ ಹೆಸರಿಸುತ್ತಾನೆ. ಕ್ರಿ.ಶ. 100ರ ಸುಮಾರಿನಲ್ಲಿದ್ದ ಗೆರಾಸದ ನಿಕೊಮಾಕಸನು ಸಮಸಂಖ್ಯೆಗಳನ್ನು ವಿಭಾಗಿಸುವಾಗ, ಒಮ್ಮೆ ಅರ್ಧಿಸಿದೊಡನೆ ಬೆಸವನ್ನು ಕೊಡುವ ಸಂಖ್ಯೆಗಳನ್ನು ‘ಸಮಬೆಸ’ ಎಂಬರ್ಥದ ಹೆಸರಿನಿಂದ ಒಂದು ವರ್ಗವಾಗಿಯೇ ಮಾಡಿದ್ದಾನೆ: 6, 10, 14, 18 ಇತ್ಯಾದಿ. ಮಿಚಿಗನ್ನಿನ ಹುಡುಗನ ಸಂಖ್ಯೆಗಳು ಇವೇ. ಇಷ್ಟೇ ಅಲ್ಲ, ಪೈಥಾಗೊರಸನ ಅನುಯಾಯಿಗಳು ‘ಒಂದು’ ಎಂಬುದನ್ನು ಸಮವೂ ಬೆಸವೂ ಆದುದೆಂದು ಭಾವಿಸಿದ್ದರೆಂದು ಅರಿಸ್ಟಾಟಲನು ಹೇಳುತ್ತಾನೆ. ಒಂದೇ ವಸ್ತು ಎರಡೂ ಆಗಬಲ್ಲುದೆಂಬ ಮಾತು ಬಾಲಿಶವೆಂದು ತಳ್ಳುವ ಮೊದಲು, ಪ್ರಾಚೀನರಲ್ಲಿ ಗಂಭೀರರಾದವರು ಅದನ್ನು ಆಡಿದ್ದರೆಂಬುದನ್ನು ನೆನೆಯಬೇಕು.

ಆದರೆ ಒಂದು ಎಚ್ಚರಿಕೆ ಅವಶ್ಯ. ನಿಕೊಮಾಕಸನು ಆರನ್ನು ಬೆಸವೆಂದು ಕರೆಯಲಿಲ್ಲ; ಸಮದೊಳಗಿನ ಒಂದು ಪ್ರಭೇದವೆಂದು ಕರೆದನು. ಹುಡುಗನು ಕಂಡುದು ನಿಜ, ಅವನು ಕೊಟ್ಟ ಹೆಸರು ತಪ್ಪು. ಎರಡರ ಗುಂಪುಗಳ ಸಂಖ್ಯೆ ಬೆಸವಾದ ಮಾತ್ರಕ್ಕೆ ಮೂಲ ಸಂಖ್ಯೆ ಬೆಸವಾಗದು. ಕಂಡುದನ್ನೂ ಹೆಸರನ್ನೂ ಹೀಗೆ ಬೇರ್ಪಡಿಸಿದೊಡನೆ ಬಾಲ್ ಹೇಳುವ ಸಂದಿಗ್ಧದ ಕಾಠಿಣ್ಯ ಬಹುಮಟ್ಟಿಗೆ ಕರಗುತ್ತದೆ. ಮಗುವನ್ನು ಗೌರವಿಸುವುದೆಂದರೆ ಅದು ಕಂಡುದನ್ನು ಗೌರವಿಸುವುದು. ಶಾಸ್ತ್ರವನ್ನು ಗೌರವಿಸುವುದೆಂದರೆ ಕಂಡುದಕ್ಕೆ ಎಲ್ಲರೂ ಒಪ್ಪಿದ ಮಾತನ್ನು ಹೊಂದಿಸುವುದು. ಇವೆರಡೂ ಒಂದೇ ಪಾಠದಲ್ಲಿ ನಡೆಯಬಲ್ಲವು.

ನಮ್ಮ ದೇಶದಲ್ಲಿಯೂ ಈ ಭೇದಕ್ಕೆ ಉಪಯೋಗವಿತ್ತು. ಪಿಂಗಳನ ಛಂದಃಶಾಸ್ತ್ರದಲ್ಲಿ ‘ನಷ್ಟ’ವೆಂಬ ಒಂದು ವಿಧಾನವಿದೆ. ಪ್ರಸ್ತಾರದ ಇಷ್ಟನೆಯ ಸಾಲಿನಲ್ಲಿ ಯಾವ ಲಘುಗುರುಗಳಿವೆಯೆಂಬುದನ್ನು ಸಾಲುಗಳನ್ನೆಲ್ಲ ಬರೆಯದೆಯೇ ಕಂಡುಹಿಡಿಯುವ ಉಪಾಯವದು. ಸಾಲಿನ ಸಂಖ್ಯೆ ಸಮವಾದರೆ ಅರ್ಧಿಸಿ ಲಘುವನ್ನು ಬರೆಯಬೇಕು. ಬೆಸವಾದರೆ ಒಂದನ್ನು ಕೂಡಿಸಿ ಅರ್ಧಿಸಿ ಗುರುವನ್ನು ಬರೆಯಬೇಕು. ಮೂರಕ್ಷರದ ಪ್ರಸ್ತಾರದಲ್ಲಿ ಆರನೆಯದನ್ನು ತೆಗೆದುಕೊಳ್ಳೋಣ. ಆರು ಸಮ, ಆದುದರಿಂದ ಲಘು, ಅರ್ಧ ಮೂರು. ಮೂರು ಬೆಸ, ಆದುದರಿಂದ ಗುರು. ಒಂದು ಕೂಡಿಸಿ ಅರ್ಧಿಸಿದರೆ ಎರಡು. ಎರಡು ಸಮ, ಮತ್ತೆ ಲಘು. ಲಘು, ಗುರು, ಲಘು: ಇದು ಜಗಣ. ಮ, ಯ, ರ, ಸ, ತ, ಜ, ಭ, ನ ಎಂಬ ಗಣಕ್ರಮದಲ್ಲಿ ಆರನೆಯದು ಜಗಣವೇ ಎಂಬುದನ್ನು ಕನ್ನಡ ವಿದ್ಯಾರ್ಥಿಗಳೆಲ್ಲ ಬಲ್ಲರು. ಆರು ಸಮವೆಂದು ಹೇಳಿ ಸುಮ್ಮನಾಗದೆ, ಅದರ ಅರ್ಧ ಬೆಸವೇ ಎಂದು ಮತ್ತೆ ಕೇಳುವುದರಿಂದಲೇ ಈ ವಿಧಾನ ನಡೆಯುತ್ತದೆ. ಹುಡುಗನು ಕೇಳಿದ ಪ್ರಶ್ನೆಯೂ ಇದೇ ಅಲ್ಲವೇ?

ಈಗ ನಮ್ಮ ಪಾಠಪುಸ್ತಕಗಳ ಕೊನೆಯ ಅಂಕಿಯ ಸೂತ್ರಕ್ಕೆ ಬರೋಣ. ಈ ಸೂತ್ರ ಸುಳ್ಳಲ್ಲ. ಆದರೆ ಅದು ಸಂಖ್ಯೆಯ ಲಕ್ಷಣವಲ್ಲ, ಸಂಖ್ಯೆಯನ್ನು ಬರೆಯುವ ಕ್ರಮದ ಲಕ್ಷಣ. ನಾವು ಹತ್ತು ಹತ್ತಾಗಿ ಎಣಿಸುತ್ತೇವೆ. ಹತ್ತು ಸಮವಾದುದರಿಂದ ಹತ್ತುಗಳೆಲ್ಲ ಜೋಡಿಗಳಲ್ಲಿ ಮುಗಿದು, ಬಿಡಿಗಳನ್ನು ಮಾತ್ರ ನೋಡಿದರೆ ಸಾಕಾಗುತ್ತದೆ. ದಿನಗಳನ್ನು ವಾರಗಳಾಗಿ ಕಟ್ಟಿದಾಗ ಹಾಗಲ್ಲ. ಒಂದು ವಾರ ಒಂದು ದಿನವೆಂದರೆ ಬಿಡಿ ಒಂದೇ ಆದರೂ ಒಟ್ಟು ಎಂಟು ದಿನ, ಸಮ. ಕಾರಣವನ್ನು ತಿಳಿಸದೆ ಸೂತ್ರವನ್ನು ಮಾತ್ರ ಕೊಟ್ಟರೆ ಮಗುವಿಗೆ ಅಂಕಿಯನ್ನು ನೋಡುವುದು ಬರುತ್ತದೆ, ಸಂಖ್ಯೆಯನ್ನು ನೋಡುವುದು ಬರುವುದಿಲ್ಲ. ಸೊನ್ನೆಯ ವಿಷಯದಲ್ಲಿ ದೊಡ್ಡವರಿಗೂ ಬರುವ ಅನುಮಾನಕ್ಕೆ ಮೂಲವಿದೇ ಎಂದು ತೋರುತ್ತದೆ. 2016ರ ಜನವರಿ 1ರಿಂದ 15ರವರೆಗೆ ದೆಹಲಿಯಲ್ಲಿ ವಾಹನಗಳಿಗೆ ಸಮಬೆಸ ದಿನಗಳನ್ನು ಗೊತ್ತುಮಾಡಿದಾಗ, ಸೊನ್ನೆಯನ್ನು ಸಮದ ಪಟ್ಟಿಯಲ್ಲಿ ಹೆಸರಿಸಿಯೇ ಹೇಳಲಾಗಿತ್ತು.

ಇನ್ನೊಂದು ತೊಡಕು ನಮ್ಮ ಭಾಷೆಗೇ ಸೇರಿದುದು. ‘ಸರಿ’ ಎಂಬ ಮಾತಿಗೆ ಸಮವೆಂಬ ಅರ್ಥವಿರುವಂತೆ ತಪ್ಪಲ್ಲದ್ದು ಎಂಬ ಅರ್ಥವೂ ಇದೆ. ನಮ್ಮ ಮನೆಯ ಒಂದು ಮಗು ಸರಿಬೆಸಗಳ ಲೆಕ್ಕವನ್ನು ಮಾಡುವಾಗ, ‘ಏಳು ಯಾಕೆ ಸರಿಯಲ್ಲ? ಅದೇನು ತಪ್ಪು ಮಾಡಿದೆ?’ ಎಂದು ಕೇಳಿತು. ನಾವು ನಕ್ಕುಬಿಟ್ಟೆವು, ಮಗು ಮತ್ತೆ ಕೇಳಲಿಲ್ಲ. ಅದು ನಮ್ಮಿಂದಾದ ಲೋಪವೆಂದು ಬಾಲ್ ಅವರ ಪ್ರಬಂಧವನ್ನು ಓದಿದ ಮೇಲೆ ಅರಿವಾಯಿತು. ಮಗು ಕೇಳಿದುದು ಹೆಸರನ್ನು ಕುರಿತ ನ್ಯಾಯವಾದ ಪ್ರಶ್ನೆ. ಬೆಸಕ್ಕೆ ಕೀಳುತನವನ್ನು ಆರೋಪಿಸಿದವರು ಇತಿಹಾಸದಲ್ಲಿ ಹೆಚ್ಚಿಲ್ಲವೆಂದೂ ಹೇಳಬಹುದಿತ್ತು. ಪೈಥಾಗೊರಸನ ಪಂಥದವರು ದ್ವಂದ್ವಗಳ ಪಟ್ಟಿಯಲ್ಲಿ ಬೆಸವನ್ನು ಒಳ್ಳೆಯದರ ಪಕ್ಕದಲ್ಲಿ ಇರಿಸಿದ್ದರು. ನಮ್ಮವರು ಇಂದಿಗೂ ಮುಯ್ಯಿಯನ್ನು ನೂರಕ್ಕೆ ನಿಲ್ಲಿಸದೆ ನೂರೊಂದು ಮಾಡುತ್ತಾರೆ.

ಹಾಗಾದರೆ ಕಲಿಸುವ ಕ್ರಮ ಯಾವುದು? ಸರಿಬೆಸವೆಂಬುದು ಪಾಠವಾಗುವುದಕ್ಕೆ ಬಹು ಹಿಂದೆಯೇ ಆಟವಾಗಿತ್ತು. ಪ್ಲೇಟೋವಿನ ‘ಲೈಸಿಸ್’ ಸಂವಾದದಲ್ಲಿ ಹುಡುಗರು ಒಂದು ಮೂಲೆಯಲ್ಲಿ ಮೂಳೆದಾಳಗಳಿಂದ ಇದನ್ನೇ ಆಡುತ್ತಿರುತ್ತಾರೆ. ರೋಮಿನ ಚಕ್ರವರ್ತಿ ಅಗಸ್ಟಸನು ಔತಣದ ಅತಿಥಿಗಳಿಗೆ ದಾಳವನ್ನೋ ಸರಿಬೆಸವನ್ನೋ ಆಡಲೆಂದು ಹಣ ಹಂಚಿದ್ದನೆಂದು ಸ್ವೆಟೋನಿಯಸ್ ಬರೆದಿದ್ದಾನೆ. ಹುಣಸೆಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು ‘ಸರಿಯೋ ಬೆಸವೋ’ ಎಂದು ಕೇಳುವ ಆಟ ನಮ್ಮ ಮಕ್ಕಳಿಗೂ ಹೊಸದಲ್ಲ. ಮುಷ್ಟಿಯನ್ನು ಬಿಚ್ಚಿದ ಮೇಲೆ ಬೀಜಗಳನ್ನು ಎರಡೆರಡಾಗಿ ಸರಿಸಿದಾಗ ಲಕ್ಷಣವು ಕಣ್ಣಿಗೇ ಕಾಣುತ್ತದೆ. 1907ರಲ್ಲಿ ರೋಮಿನಲ್ಲಿ ಮೊದಲ ಶಿಶುಗೃಹವನ್ನು ತೆರೆದು, 1939ರ ತರುವಾಯ ಮದರಾಸಿನ ಅಡಯಾರಿನಲ್ಲಿ ಅಧ್ಯಾಪಕರಿಗೆ ಶಿಕ್ಷಣವಿತ್ತ ಮಾರಿಯಾ ಮಾಂಟೆಸ್ಸೊರಿಯ ಪದ್ಧತಿಯೂ ಇದೇ ತತ್ತ್ವದ್ದು. ಒಂದರಿಂದ ಹತ್ತರವರೆಗಿನ ಅಂಕಿಗಳ ಕೆಳಗೆ ಬಿಲ್ಲೆಗಳನ್ನು ಜೋಡಿಜೋಡಿಯಾಗಿ ಇಟ್ಟು, ಒಂಟಿ ಬಿಲ್ಲೆಯನ್ನು ನಡುವೆ ಇಡುತ್ತಾರೆ. ಜೋಡಿಗಳ ನಡುವೆ ಮಗು ಬೆರಳನ್ನು ಎಳೆದಾಗ ಸಮದಲ್ಲಿ ಬೆರಳು ಹಾದುಹೋಗುತ್ತದೆ, ಬೆಸದಲ್ಲಿ ತಡೆಯುತ್ತದೆ.

ಇದರ ಮುಂದಿನ ಹೆಜ್ಜೆಯನ್ನು ಬಾಲ್ ಅವರ ತರಗತಿಯಲ್ಲಿಯೇ ಕಾಣಬಹುದು. ಬೆಸಕ್ಕೆ ಬೆಸ ಕೂಡಿದರೆ ಸಮವೇಕೆಂಬ ಪ್ರಶ್ನೆಗೆ, ಸಂಖ್ಯೆಗಳು ಮುಗಿಯದೆ ಹೋಗುವುದರಿಂದ ಎಲ್ಲವನ್ನೂ ಪರೀಕ್ಷಿಸಲಾಗದೆಂದು ಕೆಲವು ಮಕ್ಕಳು ಶಂಕಿಸಿದರು. ಮತ್ತೊಂದು ಮಗು, ಎರಡರಲ್ಲಿಯೂ ಒಂದೊಂದು ಉಳಿಯುತ್ತದೆ, ಉಳಿದ ಒಂಟಿಗಳೆರಡೂ ಸೇರಿ ಜೋಡಿಯಾಗುತ್ತವೆ ಎಂದು ಉತ್ತರಿಸಿತು. ಯೂಕ್ಲಿಡನ ಒಂಬತ್ತನೆಯ ಭಾಗದ 22ನೆಯ ಪ್ರಮೇಯದ ಸಾರವಿದು. ಕೊನೆಯ ಅಂಕಿಯ ಸೂತ್ರವನ್ನು ಮಾತ್ರ ಕಲಿತ ಮಗುವಿಗೆ ಈ ಉತ್ತರ ಹೊಳೆಯುವುದು ಕಷ್ಟ.

ಪ್ರಬಂಧದ ಮಿತಿಗಳನ್ನೂ ಹೇಳಬೇಕು. ಅದು ಒಂದೇ ತರಗತಿಯ ವೃತ್ತಾಂತ. ಬೋಧಿಸಿದವಳೂ ಪರೀಕ್ಷಿಸಿದವಳೂ ಒಬ್ಬಳೇ. ಮಕ್ಕಳು ಗೊಂದಲಗೊಳ್ಳಲಿಲ್ಲವೆಂಬುದಕ್ಕೆ ಆಕೆ ತರುವಾಯ ನಡೆಸಿದ ಒಂದು ಕಿರುಪರೀಕ್ಷೆಯನ್ನು ಆಧಾರವಾಗಿ ಕೊಡುತ್ತಾಳೆ. ಅದರಲ್ಲಿ 90ನ್ನು ಯಾವ ಮಗುವೂ ಸಮಬೆಸಗಳೆರಡಕ್ಕೂ ಸೇರಿಸಲಿಲ್ಲ. ಫಲಿತಾಂಶ ಸಮಾಧಾನಕರವೇ, ಆದರೆ ಐವತ್ತು ಅರವತ್ತು ಮಕ್ಕಳಿರುವ ಕೊಠಡಿಯಲ್ಲಿ, ನಿಗದಿಯಾದ ದಿನಕ್ಕೆ ನಿಗದಿಯಾದ ಪಾಠವನ್ನು ಮುಗಿಸಬೇಕಾದ ಅಧ್ಯಾಪಕರು ಒಂದು ಉತ್ತರಕ್ಕೆ ಅಷ್ಟು ಕಾಲ ಕೊಡಬಲ್ಲರೇ ಎಂಬ ಪ್ರಶ್ನೆಗೆ ಪ್ರಬಂಧದಲ್ಲಿ ಸಮಾಧಾನ ದೊರೆಯದು. ಪ್ರತಿಯೊಂದು ತಪ್ಪಿನ ಹಿಂದೆಯೂ ನಿಕೊಮಾಕಸನಿರುತ್ತಾನೆಂದು ಭಾವಿಸುವುದೂ ಸಲ್ಲದು. ಹೆಚ್ಚಿನ ತಪ್ಪುಗಳು ಬರಿಯ ತಪ್ಪುಗಳೇ.

ಆದರೆ ಯಾವುದು ಬರಿಯ ತಪ್ಪು, ಯಾವುದು ಸತ್ಯವನ್ನು ಒಳಗಿಟ್ಟುಕೊಂಡ ತಪ್ಪು ಎಂಬುದನ್ನು ‘ಏಕೆ ಹಾಗೆನ್ನುವೆ?’ ಎಂದು ಕೇಳದೆ ತಿಳಿಯುವ ಬಗೆಯಿಲ್ಲ. ಅದನ್ನು ಕೇಳಲು ಒಂದು ನಿಮಿಷ ಸಾಕು. ಕೇಳಿದ ಮೇಲೆ ಗುರುತಿಸಲು ಮಾತ್ರ ಅಧ್ಯಾಪಕರಿಗೆ ವಿಷಯದ ಪೂರ್ವೇತಿಹಾಸದ ಪರಿಚಯ ಬೇಕಾಗುತ್ತದೆ. ಅಧ್ಯಾಪಕರ ಶಿಕ್ಷಣಕ್ರಮದಲ್ಲಿ ಇತಿಹಾಸಕ್ಕೆ, ವಿಶೇಷವಾಗಿ ಗಣಿತದ ಇತಿಹಾಸಕ್ಕೆ, ಸ್ವಲ್ಪ ಎಡೆಯಿರಬೇಕೆಂದು ನಾವು ಬಯಸುವುದು ಈ ಕಾರಣದಿಂದ. ಕಾಲೇಜಿನ ನಮ್ಮ ತರಗತಿಗಳಲ್ಲಿಯೂ ವಿದ್ಯಾರ್ಥಿಗಳು ಇಸವಿಗಳನ್ನು ಒಪ್ಪಿಸುತ್ತಾರೆ. ಪ್ರಶ್ನೆಗಳನ್ನು ಕೇಳುವುದು ಅಪರೂಪ. ಅವರು ಆ ಅಭ್ಯಾಸವನ್ನು ಎಲ್ಲಿ ಕಳೆದುಕೊಂಡರೆಂದು ನಾವು ಆಗಾಗ ವಿಸ್ಮಯಪಡುತ್ತೇವೆ. ಏಳು ಏನು ತಪ್ಪು ಮಾಡಿತೆಂದು ಕೇಳಿದ ಮಗುವಿನ ಮುಂದೆ ನಾವು ನಕ್ಕುದನ್ನು ನೆನೆದಾಗ, ವಿಸ್ಮಯಕ್ಕೆ ಕಾರಣವಿಲ್ಲವೆಂದು ತೋರುತ್ತದೆ.